ಸೂಪಿನ ಸಾಲಿನಲ್ಲಿ ಗಂಜಿ

ನಮ್ಮ ಅಪ್ಪ ಮನೆ ಬಿಟ್ಟು ಕದಲದೆ ರಾಜ್ಯ ಬದಲಾಯಿಸಿದವರು. ಕಾಸರಗೋಡಿನ ಪೆರ್ಲದ ಹತ್ತಿರ ಅದೇ ತೋಟ, ಅದೇ ಜಗಲಿ. ಹುಟ್ಟಿದಾಗ ಅದು ಮದ್ರಾಸಿಗೆ ಸೇರಿತ್ತು. 1956ರ ನವೆಂಬರ್ 1ರಂದು ಬೆಳಗ್ಗೆ ಎದ್ದಾಗ ಕೇರಳ. ಆಗ ಅಪ್ಪನಿಗೆ ಆರು ವರ್ಷ. ಈಗಲೂ ಯಾರಾದರೂ ನಕ್ಷೆ ಬಿಡಿಸಿಟ್ಟರೆ ಅವರು ಮೊದಲು ಹುಡುಕುವುದು ಗೆರೆ ಎಲ್ಲಿ ಹಾದಿದೆ ಎಂದು.

ಹಡಗಿನ ಹೋಟೆಲಿನಲ್ಲೂ ಅದೇ ಆಯಿತು.

ಹಡಗು ಅಂದರೆ ಕ್ರೂಸ್. ಸಿಂಗಾಪುರದಲ್ಲಿರುವ ತಮ್ಮ ಎಲ್ಲರಿಗೂ ಟಿಕೆಟ್ ಮಾಡಿಸಿದ್ದ. ಅಲ್ಲಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್. ನಾಲ್ಕು ರಾತ್ರಿ. ಅಪ್ಪ ಅಲ್ಲಿವರೆಗೆ ಹಡಗು ಕಂಡಿದ್ದು ಬೇಕಲ ಕೋಟೆಯ ಮೇಲೆ ನಿಂತು. ಅದೂ ದೂರದಲ್ಲಿ, ಬೆಂಕಿಪೆಟ್ಟಿಗೆಯಷ್ಟು. ಈ ಹಡಗಿನೊಳಗೆ ಹೋಗುವಾಗ ಲಿಫ್ಟಿನಲ್ಲಿ ಹದಿನಾಲ್ಕನೇ ಮಾಳಿಗೆಯ ಗುಂಡಿ ನೋಡಿ, "ಇದು ಹಡಗಲ್ಲ ಮಾರಾಯ, ಪೇಟೆ" ಅಂದರು.

ಹಡಗಿನಲ್ಲಿ ಊಟಕ್ಕೆ ಬರವಿಲ್ಲ. ದೊಡ್ಡ ಹಾಲಿನ ಊಟ, ಬಫೆ, ಎಲ್ಲ ಟಿಕೆಟಿನ ದುಡ್ಡಿನಲ್ಲೇ ಸೇರಿದೆ. ಆದರೂ ಕೆಲವು ರೆಸ್ಟೋರೆಂಟುಗಳಿಗೆ ಪ್ರತ್ಯೇಕ ದುಡ್ಡು ಕೊಡಬೇಕು. ತಮ್ಮ ಎರಡನೇ ರಾತ್ರಿಗೆ ಅಂಥದ್ದೊಂದು ಏಷ್ಯನ್ ರೆಸ್ಟೋರೆಂಟಿನಲ್ಲಿ ಟೇಬಲ್ ಹಿಡಿದಿದ್ದ. ಅಪ್ಪನಿಗೆ ಈ ಲೆಕ್ಕ ಹಿಡಿಸಲಿಲ್ಲ. "ಜಾತ್ರೆಯಲ್ಲಿ ಊಟ ಬಡಿಸುವಾಗ ಪಕ್ಕದ ಹೋಟೆಲಿಗೆ ಯಾರಾದರೂ ಹೋಗ್ತಾರಾ?" ಎಂದು ಕೇಳಿದರು. ಅದರ ಮೇಲೆ ಅಲ್ಲಿ ಗಂಡಸರಿಗೆ ಪ್ಯಾಂಟು ಕಡ್ಡಾಯ. ಅಪ್ಪ ಕಡೆಯ ಸಲ ಪ್ಯಾಂಟು ಹಾಕಿದ್ದು ನನ್ನ ಮದುವೆಯ ರಿಸೆಪ್ಷನ್ನಿಗೆ. ಆ ಪ್ಯಾಂಟು ಈಗಲೂ ಸೊಂಟಕ್ಕೆ ಸರಿಯಾಯಿತು. ಅಡಿಕೆ ತೋಟದ ಗುಣ ಅದು.

ಒಳಗೆ ಕೆಂಪು ದೀಪ, ಬಿದಿರಿನ ತಡಿಕೆ. ಅಡುಗೆಮನೆ ಗಾಜಿನಾಚೆ ಕಾಣುತ್ತಿತ್ತು. ದೊಡ್ಡ ಉರಿಯ ಮೇಲೆ ಒಬ್ಬ ಬಾಣಲೆ ಹಾರಿಸುತ್ತಿದ್ದ. ಅಮ್ಮ ನಿಂತು ನೋಡಿದರು. "ಇದು ನಮ್ಮ ಚೀನಚಟ್ಟಿ ಅಲ್ವಾ!" ಸರಿಯೇ. ನಮ್ಮಲ್ಲಿ ಮಲಯಾಳ ಮಾತಾಡುವವರು ಬಾಣಲೆಗೆ ಹೇಳುವುದೇ ಚೀನಚಟ್ಟಿ ಎಂದು. ಉಪ್ಪಿನಕಾಯಿ ಹಾಕುವುದು ಚೀನಾ ಭರಣಿಯಲ್ಲಿ. ಸಿಹಿಗುಂಬಳಕ್ಕೆ ನಾವು ಚೀನಿಕಾಯಿ ಅನ್ನುತ್ತೇವೆ, ಆದರೆ ಅದು ಮಾತ್ರ ಚೀನಾದ್ದಲ್ಲ, ಅಮೆರಿಕದ ಕಡೆಯಿಂದ ಬಂದದ್ದು. ಹೆಸರಿಟ್ಟವರಿಗೆ ದೂರದಿಂದ ಬಂದದ್ದೆಲ್ಲ ಚೀನಾ ಅಂತ ಕಂಡಿರಬೇಕು.

ಮೆನು ಬಂತು. ದೊಡ್ಡ ಹಾಳೆ, ಹಿನ್ನೆಲೆಯಲ್ಲಿ ತಿಳಿ ಬಣ್ಣದ ಏಷ್ಯಾದ ನಕ್ಷೆ. ಜಪಾನಿನ ಮೇಲೆ ಸುಶಿ, ಚೀನಾದ ಮೇಲೆ ಡಿಮ್ ಸಮ್, ಥಾಯ್ಲೆಂಡಿನ ಮೇಲೆ ಹಸಿರು ಕರಿ. ಅಪ್ಪ ಕನ್ನಡಕ ಏರಿಸಿ ಬೆರಳಿಟ್ಟು ಪಶ್ಚಿಮಕ್ಕೆ ಬಂದರು. ಬರ್ಮಾ ದಾಟಿದರು. ಅಲ್ಲಿಗೆ ಏಷ್ಯಾ ಮುಗಿಯಿತು. ಭಾರತ ಇರಬೇಕಾದ ಜಾಗದಲ್ಲಿ ಬಿಳಿ ಚೌಕ ಮಾಡಿ ಸೂಪುಗಳ ಪಟ್ಟಿ ಹಾಕಿದ್ದರು.

"ಇಲ್ಲಿಯೂ ನಮ್ಮನ್ನು ಆಚೆ ಹಾಕಿದರು" ಅಂದರು ಅಪ್ಪ. ಬೇಜಾರೇನಿಲ್ಲ, ಅಭ್ಯಾಸವಾದವರ ಧ್ವನಿ.

ತಿಂಡಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಬಂದದ್ದು ವಿಯೆಟ್ನಾಮಿನ ರೋಲು. ತೆಳ್ಳಗಿನ ಅಕ್ಕಿ ಹಾಳೆಯಲ್ಲಿ ಸೌತೆ, ಕ್ಯಾರೆಟ್, ಪುದೀನ. ಆ ಹಾಳೆಯನ್ನು ಬಿದಿರಿನ ಚಾಪೆಯ ಮೇಲೆ ಬಿಸಿಲಿಗೆ ಒಣಗಿಸಿ, ಬೇಕಾದಾಗ ನೀರಲ್ಲಿ ನೆನೆಸುತ್ತಾರೆ ಎಂದು ತಮ್ಮ ವಿವರಿಸಿದ. ಪ್ರತಿ ಬೇಸಗೆ ಹಲಸಿನ ಹಪ್ಪಳ ಒಣಗಿಸಿ ಕಾಗೆ ಓಡಿಸುವ ಅಮ್ಮ ಒಂದು ತುಂಡು ತಿಂದರು. "ಹಪ್ಪಳಕ್ಕೆ ಮಳೆ ಬಿದ್ದರೆ ಹೀಗೇ ಆಗುವುದು. ನಾವು ದನಕ್ಕೆ ಹಾಕ್ತೇವೆ." ನೂಡಲ್ಸ್ ಬಂತು. ನನ್ನ ಮಗಳು ಚಾಪ್‌ಸ್ಟಿಕ್ಕಿನಲ್ಲಿ ಸರಸರ ತಿಂದಳು, ಮೊಬೈಲ್ ನೋಡಿ ಕಲಿತದ್ದಂತೆ. ಅರುವತ್ತು ಅಡಿಯ ದೋಟಿ ಹಿಡಿದು ಅಡಿಕೆ ಗೊನೆ ಇಳಿಸುವ ಅಪ್ಪನ ಕೈಗೆ ಒಂದು ಗೇಣಿನ ಎರಡು ಕಡ್ಡಿ ಬಗ್ಗಲಿಲ್ಲ. ಥಾಯ್ ಕರಿಯಲ್ಲಿ ತೆಂಗಿನ ಹಾಲು, ಮಜ್ಜಿಗೆ ಹುಲ್ಲಿನ ಘಮ. ಅದು ಅಮ್ಮನಿಗೆ ಸರಿಹೋಗುತ್ತಿತ್ತು. ಆದರೆ ಅದಕ್ಕೆ ಮೀನಿನ ಸಾಸ್ ಬೀಳುತ್ತದೆ. ನಮ್ಮದು ಮೀನು ಮೊಟ್ಟೆ ಇಲ್ಲದ ಮನೆ. ವಾಪಸ್ ಹೋಯಿತು.

ಹೀಗೆ ಒಂದೊಂದೇ ವಾಪಸ್ ಹೋಗುವಾಗ ಮಗಳು ಸೂಪಿನ ಪಟ್ಟಿ ಓದುತ್ತಿದ್ದಳು. "ಅಜ್ಜಾ, ಕಾಂಜಿ ಅಂತ ಒಂದುಂಟು. ಅಕ್ಕಿಯನ್ನು ತುಂಬ ನೀರಲ್ಲಿ ಬೇಯಿಸಿದ್ದು. ಎಂಟು ಡಾಲರ್."

ಅಪ್ಪ ಕಡ್ಡಿ ಕೆಳಗಿಟ್ಟರು. "ಕಾಂಜಿಯಾ? ಗಂಜಿಯಾ?"

ಎರಡೂ ಒಂದೇ. ನಮ್ಮ ಕಡೆಯ ಗಂಜಿ, ತಮಿಳು ಮಲಯಾಳದ ಕಂಜಿ, ಪೋರ್ಚುಗೀಸರ ಬಾಯಿಗೆ ಬಿದ್ದು ಅಲ್ಲಿಂದ ಇಂಗ್ಲಿಷಿಗೆ ಹೋಗಿ ಕಾಂಜಿಯಾಯಿತು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚಾದ ತನ್ನ ಪುಸ್ತಕದಲ್ಲಿ ಇದನ್ನು ಬರೆದಿದ್ದಾನೆ. ಇಲ್ಲಿನವರು ರೋಗಿಗೆ ಕರಿಮೆಣಸು, ಜೀರಿಗೆ ಹಾಕಿದ ಅಕ್ಕಿಯ ನೀರು ಕುಡಿಸುತ್ತಾರೆ, ಅದಕ್ಕೆ ಕಾಂಜೆ ಅನ್ನುತ್ತಾರೆ ಎಂದು. ನನಗೆ ಜ್ವರ ಬಂದಾಗ ಅಜ್ಜಿ ಕೊಡುತ್ತಿದ್ದದ್ದೂ ಅದೇ ಕರಿಮೆಣಸು, ಅದೇ ಜೀರಿಗೆ. ಚೀನೀಯರು ಎಷ್ಟೋ ಕಾಲದಿಂದ ಇಂಥದ್ದೇ ಮಾಡಿ ತಿನ್ನುತ್ತಾರೆ. ಕ್ಯಾಂಟನ್ ಕಡೆ ಅದಕ್ಕೆ ಜೂಕ್ ಎಂದು ಹೆಸರು. ಇಂಗ್ಲಿಷಿನವರು ಅದಕ್ಕೂ ನಮ್ಮ ಹೆಸರನ್ನೇ ಅಂಟಿಸಿಬಿಟ್ಟರು. ಅಂತೂ ಏಷ್ಯಾದ ಮೆನುವಿನಲ್ಲಿ ನಮ್ಮ ದೇಶ ಇರಲಿಲ್ಲ, ನಮ್ಮ ಶಬ್ದ ಇತ್ತು. ಅದೂ ಸರಿಯಾಗಿ ದೇಶ ಇರಬೇಕಾದ ಜಾಗದಲ್ಲೇ.

ಬಡಿಸುವ ಹುಡುಗ ಇಂಡೋನೇಷ್ಯಾದವನು. ಕೋಳಿ ಬೇಯಿಸಿದ ನೀರು ಹಾಕ್ತೀರಾ ಎಂದು ತಮ್ಮ ಕೇಳಿದ. ಅವನು ಒಳಗೆ ಹೋಗಿ ವಿಚಾರಿಸಿ ಬಂದ. ಬರೀ ನೀರಲ್ಲೇ ಮಾಡಿಕೊಡುತ್ತಾರಂತೆ, ಸ್ವಲ್ಪ ಹೊತ್ತು ಬೇಕಂತೆ. ಆಮೇಲೆ ನಗುತ್ತಾ, ನಮ್ಮೂರಲ್ಲಿ ಇದಕ್ಕೆ ಬುಬುರ್ ಅನ್ನುತ್ತೇವೆ, ಹುಷಾರಿಲ್ಲದಾಗ ಅಮ್ಮ ಮಾಡುತ್ತಾರೆ ಅಂದ. "ಅಜ್ಜನಿಗೆ ಹುಷಾರಿಲ್ವಾ?" ಎಂದೂ ಕೇಳಿದ.

"ಹುಷಾರಿದ್ದೇ ದಿನಾ ಉಣ್ಣುವುದು ಅಂತ ಹೇಳು" ಅಂದರು ಅಪ್ಪ.

ಗಂಜಿ ಬಂತು. ನೀಲಿ ಹೂವಿನ ಸಣ್ಣ ಬಟ್ಟಲು, ಪಿಂಗಾಣಿ ಚಮಚ. ಮೇಲೆ ಎಳೆ ಎಳೆಯಾಗಿ ಶುಂಠಿ, ಈರುಳ್ಳಿ ಹೂವು, ಹುರಿದ ನೆಲಗಡಲೆ. ನಮ್ಮದರ ಹಾಗೆ ಕುಚ್ಚಲಕ್ಕಿ ಅಲ್ಲ, ಬೆಳ್ತಿಗೆ. ಅಗುಳು ಪೂರಾ ಕರಗಿ ಸರಿ ಹಿಟ್ಟಿನ ಹಾಗಾಗಿತ್ತು. ನಮ್ಮ ಗಂಜಿಯಲ್ಲಿ ಅಗುಳು ಬೇರೆ, ತೆಳಿ ಬೇರೆ. ಅಪ್ಪ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಏನು ಹೇಳುತ್ತಾರೋ ಎಂದು ನಾವೆಲ್ಲ ಕಾದೆವು.

"ಉಪ್ಪಿನಕಾಯಿ?"

ಅಮ್ಮ ಕೈಚೀಲದ ಝಿಪ್ ಎಳೆದರು. ಒಳಗೆ ಮಿಡಿ ಉಪ್ಪಿನಕಾಯಿಯ ಸಣ್ಣ ಬಾಟ್ಲಿ. ವಿಮಾನದಲ್ಲಿ ಅದನ್ನು ಕೈಯಲ್ಲಿ ಒಯ್ಯಲು ಬಿಡುವುದಿಲ್ಲ ಎಂದು ಮೂರು ಪ್ಲಾಸ್ಟಿಕ್ ಸುತ್ತಿ ದೊಡ್ಡ ಬ್ಯಾಗಿಗೆ ಹಾಕಿ ತಂದದ್ದು. ರೆಸ್ಟೋರೆಂಟಿಗೂ ತರುತ್ತಾರೆ ಅಂತ ನಾನು ಎಣಿಸಿರಲಿಲ್ಲ. ತಮ್ಮನ ಹೆಂಡತಿ ಮೆನುವಿನ ಹಿಂದೆ ಮುಖ ಮುಚ್ಚಿಕೊಂಡಳು. ಹುಡುಗ ದೊಡ್ಡ ಮನಸ್ಸು ಮಾಡಿ ಬೇರೆ ಕಡೆ ನೋಡಿದ. ಅಮ್ಮ ಎಲ್ಲರ ಬಟ್ಟಲಿಗೂ ಒಂದೊಂದು ಮಿಡಿ ಹಾಕಿದರು. ಅಪ್ಪ ಎರಡನೇ ಬಟ್ಟಲು ತರಿಸಿದರು. ರೇಟು ಕೇಳಲೇ ಇಲ್ಲ.

ಬಿಲ್ ತರುವಾಗ ಹುಡುಗನ ಇನ್ನೊಂದು ಕೈಯಲ್ಲಿ ಖಾಲಿ ಬಸಿ ಇತ್ತು. ರಾತ್ರಿ ಡ್ಯೂಟಿ ಮುಗಿದ ಮೇಲೆ ತಾವೂ ಕೆಳಗೆ ಊಟ ಮಾಡುವುದು, ಸ್ವಲ್ಪ ಸಿಗಬಹುದಾ ಎಂದು ಮೆಲ್ಲಗೆ ಕೇಳಿದ. ಅಮ್ಮ ಬಸಿ ಮುಟ್ಟಲಿಲ್ಲ. ಮುಚ್ಚಳ ಬಿಗಿಮಾಡಿ ಬಾಟ್ಲಿಯನ್ನೇ ಅವನ ಕೈಗಿಟ್ಟು, "ಊಟಕ್ಕೆ ಒಂದೇ ಹಾಕಿಕೊಳ್ಳಬೇಕು, ಜಾಸ್ತಿ ಖಾರ" ಎಂದು ಕನ್ನಡದಲ್ಲೇ ಹೇಳಿದರು. ಅವನು ಅರ್ಥವಾದವನಂತೆ ತಲೆಯಾಡಿಸಿ ಹೋದ.

ಅಪ್ಪ ಅವನು ಅಡುಗೆಮನೆಯ ಬಾಗಿಲು ದಾಟುವವರೆಗೂ ಬಾಟ್ಲಿಯನ್ನೇ ನೋಡುತ್ತಿದ್ದರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಪೂರಾ ಕೊಟ್ಟೆಯಾ? ನಮಗಿನ್ನೂ ಎರಡು ರಾತ್ರಿ ಉಂಟಲ್ಲ ಇಲ್ಲಿ."