ಹೊಲ ಸೈನಿಕನಿಗೆ, ನಷ್ಟ ಸರ್ಕಾರಕ್ಕೆ

ಆಸ್ಟ್ರೇಲಿಯಾದ ಸರ್ಕಾರಗಳದು ದೊಡ್ಡ ಮನಸ್ಸು. ಮೊದಲ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರಿಗೆ ಬ್ಯಾಂಡು ಬಾರಿಸಿ ಕೈತೊಳೆದುಕೊಳ್ಳಲಿಲ್ಲ. ಜಮೀನು ಕೊಟ್ಟವು. ಜಮೀನಿನ ಬೆನ್ನಿಗೇ ಸಾಲ ಕೊಟ್ಟವು. ಆ ಜಮೀನಿನಲ್ಲಿ ಬದುಕೋಕಾಗದೆ ಅವರು ಒದ್ದಾಡಿದಾಗ ವಿಚಾರಣೆಯನ್ನೂ ಕೊಟ್ಟವು. ಇದಕ್ಕಿಂತ ಜಾಸ್ತಿ ಏನು ಬೇಕು?

ಈ ಸೈನಿಕರು ನಮಗೆ ತೀರಾ ಹೊರಗಿನವರೇನಲ್ಲ. 1918ರಲ್ಲಿ ಪ್ಯಾಲೆಸ್ತೀನಿನ ಹೈಫಾ ಊರಿಗೆ ಕುದುರೆ ನುಗ್ಗಿಸಿದ ನಮ್ಮ ಮೈಸೂರು ಲ್ಯಾನ್ಸರ್ಸ್ ಯಾವ ದಂಡಿನಲ್ಲಿದ್ದರೋ ಅದೇ ದಂಡಿನಲ್ಲಿ ಆಸ್ಟ್ರೇಲಿಯಾದ ಸವಾರರೂ ಇದ್ದರು. ದಂಡಿನ ಮುಖ್ಯಸ್ಥ ಹ್ಯಾರಿ ಶೋವೆಲ್ ಆ ದೇಶದವರೇ. ಯುದ್ಧ ಮುಗಿಯಿತು, ಸವಾರರು ಊರಿಗೆ ಬಂದರು. ಅಲ್ಲಿ ಕಾದಿದ್ದು ಕಡತ.

ಸುಮ್ನೆ ಕೇಳಿದವರಿಗೆಲ್ಲ ಜಮೀನು ಹಂಚಲಿಲ್ಲ ಮತ್ತೆ. ವಿಕ್ಟೋರಿಯಾ ರಾಜ್ಯದಲ್ಲಿ ಮೊದಲು ಅರ್ಹತಾ ಪತ್ರ ಬೇಕಿತ್ತು. ಈತ ಬೇಸಾಯ ಮಾಡಬಲ್ಲ ಎಂದು ಸರ್ಕಾರವೇ ನೋಡಿ, ಕೇಳಿ, ಬರೆದುಕೊಡುವ ಪತ್ರ. ಕೈಯಲ್ಲಿ ದುಡ್ಡಿಲ್ಲದಿದ್ದರೂ ಚಿಂತೆಯಿಲ್ಲ, ದೇಶಕ್ಕೆ ರಕ್ತ ಕೊಟ್ಟವನ ಹತ್ತಿರ ದುಡ್ಡು ಕೇಳೋದೇ? ಈ ಎರಡು ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತವೆ.

ಹೀಗೆ ದೇಶದ ಉದ್ದಗಲಕ್ಕೂ ಸುಮಾರು 37 ಸಾವಿರ ಸೈನಿಕರು ರೈತರಾದರು. ಕ್ವೀನ್ಸ್‌ಲ್ಯಾಂಡಿನ ಬೀರ್‌ಬರಮ್‌ನಲ್ಲಿ ಅನಾನಸ್, ಮರ್ರೆ ನದಿಯ ದಂಡೆಯಲ್ಲಿ ಒಣದ್ರಾಕ್ಷಿ, ಮ್ಯಾಲಿ ಸೀಮೆಯಲ್ಲಿ ಗೋಧಿ. ಮ್ಯಾಲಿ ಅಂದರೆ ನಮ್ಮ ನೀಲಗಿರಿ ಮರದ ಕುಳ್ಳ ದಾಯಾದಿ. ಒಂದೇ ಬುಡದಿಂದ ಹತ್ತಾರು ಕಾಂಡ ಏಳುತ್ತವೆ. ಮೇಲೆ ಕಡಿದರೆ ಕೆಳಗಿನ ಗೆಡ್ಡೆ ಮತ್ತೆ ಚಿಗುರುತ್ತದೆ. ಆ ನೆಲಕ್ಕೆಂದೇ ಒಂದು ನೇಗಿಲು ಕಂಡುಹಿಡಿದಿದ್ದರು, 1876ರಲ್ಲೇ. ಬೊಡ್ಡೆ ಅಡ್ಡ ಬಂದರೆ ಅದು ಎಗರಿ ಆಚೆ ಬೀಳುತ್ತದೆ, ಮತ್ತೆ ಉಳುತ್ತದೆ. ಭೂ ಇಲಾಖೆಯೂ ಹೆಚ್ಚುಕಮ್ಮಿ ಹಾಗೇ ಕೆಲಸ ಮಾಡಿತು. ಮಳೆ ಎಷ್ಟು ಬೀಳುತ್ತದೆ ಎಂಬ ಬೊಡ್ಡೆ ಬಂತು, ಎಗರಿತು. ಇಷ್ಟು ಎಕರೆಯಲ್ಲಿ ಒಂದು ಸಂಸಾರ ಉಣ್ಣಬಹುದೇ ಎಂಬ ಬೊಡ್ಡೆ ಬಂತು, ಅದನ್ನೂ ಎಗರಿತು.

ಸೈನಿಕನ ಹೆಂಡತಿಗೆ ಎಗರಲು ಬರುತ್ತಿರಲಿಲ್ಲ. ಆಕೆ ಗೋಣಿಚೀಲ ಬಿಡಿಸಿ, ಜೋಡಿಸಿ ಹೊಲಿದು, ಮೇಲೆ ಸುಣ್ಣ ಬಳಿದು ಗೋಡೆ ಮಾಡಿದಳು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಬಕೆಟ್, ಡಬ್ಬ ಬಂದ ಮರದ ಪೆಟ್ಟಿಗೆ ಪೇರಿಸಿ ಕಪಾಟು. ಗಾಳಿ ಎದ್ದರೆ ಹೊಲದ ಮರಳು ಗೋಡೆಯ ನೇಯ್ಗೆಯಲ್ಲೇ ಸೋಸಿಕೊಂಡು ಒಳಗೆ ಬಂದು ಹಾಸಿಗೆಯ ಮೇಲೆ ಕೂರುತ್ತಿತ್ತು. ಮನೆ ಬಾಗಿಲಿಗೆ ಬರುತ್ತಿದ್ದ ಇನ್ನೊಬ್ಬ ಅತಿಥಿ ಇನ್‌ಸ್ಪೆಕ್ಟರ್. ದನ, ಬೆಳೆ, ಸಾಮಾನು ಎಲ್ಲ ಸಾಲಕ್ಕೆ ಅಡವಾಗಿದ್ದವಲ್ಲ, ಎಲ್ಲಿವೆ ಎಂದು ನೋಡಬೇಕಲ್ವಾ?

ಜಮೀನಿನ ವ್ಯಾಪಾರ ಇನ್ನೂ ಸೊಗಸು. ಯುದ್ಧದ ಹೊತ್ತಿಗೆ ಬೆಲೆ ಏರಿ ಕೂತಿತ್ತು. ಸರ್ಕಾರಗಳು ದೊಡ್ಡ ಜಮೀನ್ದಾರರ ಎಸ್ಟೇಟುಗಳನ್ನು ಆ ಬೆಲೆಗೇ ಕೊಂಡು, ತುಂಡು ಮಾಡಿ, ಸೈನಿಕನ ತಲೆಗೆ ಕಟ್ಟಿದವು. ಮಾರಿದ ಜಮೀನ್ದಾರ ಗೆದ್ದ. ಆಮೇಲೆ ಬೆಳೆಗಳ ಬೆಲೆ ಕುಸಿಯಿತು. ಸಾಲ ಮಾತ್ರ ಶಿಸ್ತಿನ ಸಿಪಾಯಿ, ನಿಂತ ಜಾಗ ಬಿಟ್ಟು ಅಲುಗಲಿಲ್ಲ. ಸಾವಿರಾರು ಜನ ಹೊಲ ಬಿಟ್ಟು ನಡೆದರು.

ಆಗ ಸರ್ಕಾರಕ್ಕೆ ಎಚ್ಚರವಾಯಿತು. 1925ರಲ್ಲಿ ವಿಕ್ಟೋರಿಯಾ ಒಂದು ರಾಯಲ್ ಕಮಿಷನ್, ಅಂದರೆ ವಿಚಾರಣಾ ಆಯೋಗ, ಕೂರಿಸಿತು. ಅದು ಸಾಲದೆ ಕೇಂದ್ರ ಸರ್ಕಾರದ ಪರವಾಗಿ ನ್ಯಾಯಮೂರ್ತಿ ಪೈಕ್ ದೇಶದ ಲೆಕ್ಕವನ್ನೆಲ್ಲ ತೆಗೆದು 1929ರಲ್ಲಿ ವರದಿ ಕೊಟ್ಟರು. ಸೈನಿಕರನ್ನು ನೆಲೆಗೊಳಿಸಿದ್ದರಿಂದ ಆದ ನಷ್ಟದ ಬಗೆಗಿನ ವರದಿ ಅದು. ನಷ್ಟ ಯಾರಿಗೆ ಅಂತೀರಾ? ಸರ್ಕಾರಕ್ಕೆ ಸ್ವಾಮಿ! ಸುಮಾರು 2 ಕೋಟಿ 35 ಲಕ್ಷ ಪೌಂಡ್. ಕೇಂದ್ರ ಎಷ್ಟು ಹೊರಬೇಕು, ರಾಜ್ಯಗಳು ಎಷ್ಟು ಹೊರಬೇಕು, ಇದೇ ಅಲ್ಲಿದ್ದ ಜಗಳ. ಅಣ್ಣತಮ್ಮಂದಿರು ಅರ್ಧರ್ಧ ಹಂಚಿಕೊಳ್ಳಿ ಎಂದು ಪೈಕ್ ಸಾಹೇಬರು ತೀರ್ಪು ಹೇಳಿದರು. ಗೋಣಿಚೀಲದ ಮನೆಯಲ್ಲಿ ಕಳೆದ ಹತ್ತು ವರ್ಷಕ್ಕೆ ಆ ಪಟ್ಟಿಯಲ್ಲಿ ಕಲಂ ಇರಲಿಲ್ಲ.

ಯೋಜನೆ ಯಾಕೆ ಸೋತಿತು ಎನ್ನುವುದಕ್ಕೆ ವರದಿ ನಾಲ್ಕು ಕಾರಣ ಕೊಟ್ಟಿತು. ಒಂದು, ಸೈನಿಕರ ಹತ್ತಿರ ಬಂಡವಾಳ ಇರಲಿಲ್ಲ. (ದುಡ್ಡಿಲ್ಲದವರಿಗೆಂದೇ ಮಾಡಿದ ಯೋಜನೆ ಇದು!) ಇನ್ನೊಂದು, ಸಂಸಾರ ಸಾಕುವಷ್ಟು ಹಿಡುವಳಿ ಇರಲಿಲ್ಲ. ಅಳೆದು ಗೂಟ ಹೊಡೆದವರು ಯಾರು ಎಂದು ಕೇಳಬೇಡಿ. ಬೆಲೆ ಕುಸಿತವೂ ಇತ್ತು, ಸರಿ. ನನಗೆ ತುಂಬಾ ಹಿಡಿಸಿದ್ದು ಉಳಿದ ಕಾರಣ: ಸೈನಿಕರು ಬೇಸಾಯಕ್ಕೆ ಯೋಗ್ಯರಾಗಿರಲಿಲ್ಲ. ಅರ್ಹತಾ ಪತ್ರ ಅವರ ಪೆಟ್ಟಿಗೆಯಲ್ಲೇ ಇತ್ತು, ಸರ್ಕಾರದ ಮೊಹರಿನ ಸಮೇತ. ಪತ್ರ ಕೊಟ್ಟವರ ಯೋಗ್ಯತೆ ಆ ನಾಲ್ಕರಲ್ಲಿ ಇಲ್ಲ.

ಎಲ್ಲರೂ ಮುಳುಗಿದರು ಎನ್ನಲಾರೆ. ಮರ್ರೆ ದಂಡೆಯ ರೆಡ್ ಕ್ಲಿಫ್ಸ್‌ನಲ್ಲಿ ನದಿ ನೀರು ಸಿಕ್ಕಿತ್ತು, ದ್ರಾಕ್ಷಿ ಬೆಳೆದು ಕಾಲೂರಿದವರಿದ್ದಾರೆ.

ಇನ್ನು ಖಜಾನೆಗೆ ಹೊರೆಯೇ ಆಗದ ಸೈನಿಕರೂ ಇದ್ದರು. ಮೂಲನಿವಾಸಿಗಳು. ಅದೇ ಸಮವಸ್ತ್ರ ತೊಟ್ಟು ಅದೇ ಯುದ್ಧಕ್ಕೆ ಹೋಗಿ ಬಂದವರು. ಹಂಚಿದ ನೆಲವೆಲ್ಲ ಒಂದು ಕಾಲಕ್ಕೆ ಅವರದೇ. ಅವರಲ್ಲಿ ಬೆರಳೆಣಿಕೆಯ ಜನರಿಗೆ ಬಿಟ್ಟರೆ ಯಾರಿಗೂ ತುಂಡು ಜಮೀನು ಸಿಗಲಿಲ್ಲ. ಹಾಗಾಗಿ ಅವರ ಬಾಬ್ತು ನಷ್ಟವೂ ಇಲ್ಲ. ಲೆಕ್ಕ ತಪಾಸಣೆಯವರ ಕಣ್ಣಲ್ಲಿ ಇಡೀ ಯೋಜನೆಯಲ್ಲಿ ಅವರಷ್ಟು ಒಳ್ಳೆಯ ರೈತರು ಇನ್ನೊಬ್ಬರಿರಲಿಲ್ಲ.