ಟೊರೊಂಟೊದ ಕುರ್ಚಿ, ಗೋಪಿ ಸರ್ಕಲ್ಲಿನ ಹೈಕಮಾಂಡ್

2024ರ ಮೇ 7ಕ್ಕೆ ಶಿವಮೊಗ್ಗದಲ್ಲಿ ಲೋಕಸಭೆಯ ಮತದಾನ ಮುಗಿಯಿತು. ಎಣಿಕೆ ಜೂನ್ 4ಕ್ಕೆ. ನಡುವೆ ಬರೋಬ್ಬರಿ ನಾಲ್ಕು ವಾರ. ಅಷ್ಟು ದಿನ ಯಾರನ್ನೂ ಇಳಿಸದೆ, ಯಾರನ್ನೂ ಏರಿಸದೆ ಬರೀ ಕಾಫಿ ಕುಡಿದುಕೊಂಡು ಕೂರುವುದು ಈ ಊರಿನವರಿಂದ ಆಗುವ ಮಾತಾ? ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಯಡಿಯೂರಪ್ಪ ಅಂತ ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಇದು. ಮಂಜಪ್ಪನವರು ಆ ಕುರ್ಚಿಯಲ್ಲಿ ಮೂರು ತಿಂಗಳೂ ಕೂರಲಿಲ್ಲ. ಯಡಿಯೂರಪ್ಪನವರು ನಾಲ್ಕು ಸಲ ಪ್ರಮಾಣವಚನ ತಗೊಂಡರು, ಒಂದು ಸಲವೂ ಐದು ವರ್ಷ ಮುಗಿಸಲಿಲ್ಲ. ಕುರ್ಚಿ ಯಾವಾಗ ಅಲುಗಾಡುತ್ತದೆ, ಯಾರು ಅಲುಗಾಡಿಸುತ್ತಾರೆ ಅನ್ನೋದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಪುಣ್ಯಕ್ಕೆ ಮೇ 9ರಂದು ಟೊರೊಂಟೊದಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಅಲ್ಲಿನ ಐಸ್ ಹಾಕಿ ತಂಡ ಮೇಪಲ್ ಲೀಫ್ಸ್ ತನ್ನ ಕೋಚ್ ಶೆಲ್ಡನ್ ಕೀಫ್ ಅವರನ್ನು ಮನೆಗೆ ಕಳಿಸಿತು. ಗೋಪಿ ಸರ್ಕಲ್ಲಿನ ಹತ್ತಿರದ ಒಂದು ಹೋಟೆಲಿನಲ್ಲಿ ನಮ್ಮವರ ಮುಖಕ್ಕೆ ಕಳೆ ಬಂತು.

ಗೋಪಿ ಸರ್ಕಲ್ಲಿಗೂ ಕೆನಡಾಕ್ಕೂ ಎಂಥ ಸಂಬಂಧ ಅಂತ ಕೇಳುವವರು ಮಲೆನಾಡನ್ನು ಈಚೆಗೆ ನೋಡಿಲ್ಲ. ತೋಟದಲ್ಲಿ ಅಪ್ಪ ಅಮ್ಮ ಇಬ್ಬರೇ, ಮಗನೋ ಅಳಿಯನೋ ಹೊರದೇಶದಲ್ಲಿ. ನಮ್ಮ ಕೂಟದ ಹಿರಿಯರಾದ ಅಡಿಕೆ ಮಂಡಿ ಯಜಮಾನರ ಅಳಿಯ ಇರುವುದು ಟೊರೊಂಟೊದಲ್ಲಿ. ಮೊಮ್ಮಗುವನ್ನು ಆಡಿಸಲು ಅಂತ ಯಜಮಾನರು ಒಂದು ಚಳಿಗಾಲ ಅಲ್ಲಿಗೆ ಹೋಗಿದ್ದರು. ಹೊರಗೆ ಕಾಲಿಡುವ ಹಾಗಿಲ್ಲ. ಎಲೆಯಡಿಕೆ ಉಗುಳುವ ಹಾಗಂತೂ ಇಲ್ಲವೇ ಇಲ್ಲ. ಮಗು ಮಲಗಿದ ಮೇಲೆ ಟಿವಿಯಲ್ಲಿ ಐಸ್ ಹಾಕಿ ಒಂದೇ ಗತಿ. ವಾಪಸ್ ಬರುವಾಗ ಬಿಳಿ ಎಲೆಯ ಗುರುತಿದ್ದ ಒಂದು ನೀಲಿ ಜೆರ್ಸಿ ತಂದರು. ಪಂಚೆಯ ಮೇಲೆ ಅದನ್ನೇ ಹಾಕಿಕೊಂಡು ಮಂಡಿಗೆ ಬಂದ ದಿನ, ಅಡಿಕೆ ತಂದ ರೈತರೆಲ್ಲ ಯಾವುದೋ ಹೊಸ ಗೊಬ್ಬರದ ಕಂಪನಿ ಅಂದುಕೊಂಡರು.

ಭಕ್ತಿ ಸಾಂಕ್ರಾಮಿಕ. ಒಬ್ಬರಿಂದ ಒಬ್ಬರಿಗೆ ಹಬ್ಬಿ ಈಗ ಎಂಟು ಹತ್ತು ಜನ ಇದ್ದಾರೆ. ಅಲ್ಲಿ ರಾತ್ರಿ ಎಂಟಕ್ಕೆ ಶುರುವಾದ ಆಟ ಮೇ ತಿಂಗಳಲ್ಲಿ ಇಲ್ಲಿ ಬೆಳಗ್ಗೆ ಐದೂವರೆಗೆ. ಹಾಲು ಕರೆಯುವ ಹೊತ್ತು. ಇವರಲ್ಲಿ ಒಬ್ಬರೂ ಹೆಪ್ಪುಗಟ್ಟಿದ ನೆಲದ ಮೇಲೆ ನಿಂತವರಲ್ಲ. ಜೂನ್ ತಿಂಗಳಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದದ್ದೇ ಅನುಭವ. ಆದರೆ ಸ್ಕೇಟ್ ಕಟ್ಟಿದ ಆಟಗಾರ ಎಲ್ಲಿ ಎಡವಿದ, ಯಾಕೆ ಎಡವಿದ ಅಂತ ಕರಾರುವಾಕ್ಕಾಗಿ ಹೇಳುತ್ತಾರೆ.

ಆಗಿದ್ದಿಷ್ಟು. ಮೇ 4ರ ರಾತ್ರಿ, ನಮಗೆ ಭಾನುವಾರ ಬೆಳಗ್ಗೆ, ಬಾಸ್ಟನ್ ವಿರುದ್ಧದ ಸರಣಿಯ ಕೊನೆಯ, ನಿರ್ಣಾಯಕ 7ನೇ ಪಂದ್ಯವನ್ನು ಟೊರೊಂಟೊ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ಎನ್‌ಎಚ್‌ಎಲ್ ಅನ್ನೋ ಇವರ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ಪನ್ನು ಈ ತಂಡ ಕೊನೆಯ ಬಾರಿ ಗೆದ್ದದ್ದು 1967ರಲ್ಲಿ. ಆಗ ಲಿಂಗನಮಕ್ಕಿ ಅಣೆಕಟ್ಟು ಇನ್ನೂ ಹೊಸದು. ಲೀಗಿನಲ್ಲಿ ಇದ್ದದ್ದೇ 6 ತಂಡ. ಈಗ 32 ಇವೆ. ಅಭಿಮಾನಿಗಳು ಮಾತ್ರ ಆ 6ರ ಕಾಲದ ಗತ್ತಿನಲ್ಲೇ ಇದ್ದಾರೆ.

ಆ ಬಾಸ್ಟನ್ ಸರಣಿಯಲ್ಲಿ ಒಂದು ವಿಷಯವನ್ನು ಕೂಲಂಕಷವಾಗಿ ನೋಡಬೇಕು. ಐಸ್ ಹಾಕಿಯಲ್ಲಿ ತಪ್ಪು ಮಾಡಿದವನನ್ನು ಎರಡು ನಿಮಿಷ ಒಂದು ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. ಅಷ್ಟು ಹೊತ್ತು ಅವನ ತಂಡಕ್ಕೆ ಒಬ್ಬ ಕಡಿಮೆ. ಎದುರಿನವರಿಗೆ ಗೋಲು ಹೊಡೆಯಲು ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ. ಟೊರೊಂಟೊಗೆ ಇಂಥ ಅವಕಾಶ 21 ಸಲ ಸಿಕ್ಕಿತು. ಹೊಡೆದದ್ದು ಒಂದು ಗೋಲು. ಮೈದಾನದಲ್ಲಿದ್ದವರು ಲೀಗಿನಲ್ಲೇ ಹೆಸರಾದ ಆಟಗಾರರು. ಮ್ಯಾಥ್ಯೂಸ್, ಮಾರ್ನರ್, ಟಾವರೆಸ್, ನೀಲಾಂಡರ್ ಈ ನಾಲ್ಕೇ ಜನಕ್ಕೆ, ಒಂದು ತಂಡ ಆಟಗಾರರಿಗೆ ಒಟ್ಟು ಇಷ್ಟೇ ಕೊಡಬೇಕು ಅಂತ ಲೀಗು ಹಾಕಿದ ಸಂಬಳದ ಮಿತಿಯ ಹತ್ತಿರ ಹತ್ತಿರ ಅರ್ಧ ಹೋಗುತ್ತಿತ್ತು. ಕೋಚ್ ಆದವನು ಬೆಂಚಿನ ಹಿಂದೆ ಸೂಟು ಹಾಕಿಕೊಂಡು ನಿಂತಿರುತ್ತಾನೆ. ಯಾರು ಒಳಗೆ ಹೋಗಬೇಕು, ಯಾರು ಹೊರಗೆ ಬರಬೇಕು ಅಂತ ಹೇಳಬಹುದು. ಹೇಗೆ ಆಡಬೇಕು ಅಂತ ಹಲಗೆಯ ಮೇಲೆ ಗೀಚಿ ತೋರಿಸಬಹುದು. ಕೋಲು ಹಿಡಿದು ಒಳಗೆ ಹಾರುವ ಹಾಗಿಲ್ಲ.

"ಅವನದ್ದೇ ತಪ್ಪು" ಎಂದರು ಯಜಮಾನರು.

"ಯಾರದ್ದು, ಮಾರ್ನರ್‌ದಾ?"

"ಅವನು ಹುಡುಗ ಮಾರಾಯ. ಕೋಚ್‌ದು."

ಇಲ್ಲಿ ಲೆಕ್ಕ ಸರಳ. ಆಟಗಾರರ ಒಪ್ಪಂದ ಎಂದರೆ ಕಬ್ಬಿಣದ ಕಡಲೆ. ಕೆಲವರನ್ನು ಅವರ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕೊಡುವ ಹಾಗೂ ಇಲ್ಲ. ಕೊಟ್ಟರೂ ಸಂಬಳದ ಮಿತಿಯ ಲೆಕ್ಕ ಹೊಂದಬೇಕು. ಕೋಚ್ ಸಂಬಳ ಆ ಮಿತಿಯೊಳಗೆ ಬರುವುದೇ ಇಲ್ಲ. ಅವನನ್ನು ತೆಗೆದರೆ ನಷ್ಟ ಮಾಲೀಕರ ಜೇಬಿಗೆ ಮಾತ್ರ. ಮಾಲೀಕರನ್ನಂತೂ ಯಾರೂ ತೆಗೆಯುವ ಹಾಗಿಲ್ಲ. ಅಭಿಮಾನಿಯನ್ನು ತೆಗೆಯೋಣ ಅಂದ್ರೆ ಅವನು ಟಿಕೆಟ್ ಕೊಂಡವನು. ಕೊನೆಗೆ ಉಳಿಯುವವನು ಸೂಟು ಹಾಕಿಕೊಂಡು ನಿಂತವನೇ.

ಹಾಗಂತ ಕೋಚ್‌ಗಳೆಲ್ಲ ಪಾಪದವರು ಅಂತಲ್ಲ. 21ಕ್ಕೆ 1 ಅನ್ನೋದು ಯಾವ ಕೋಚಿಗೂ ಮರ್ಯಾದೆಯ ಲೆಕ್ಕ ಅಲ್ಲ. ನನಗೆ ತಮಾಷೆ ಅನ್ನಿಸುವುದು ಔಷಧಿ ಬರೆಯುವ ರೀತಿ. 2015ರಲ್ಲಿ ಟೊರೊಂಟೊ ಮೈಕ್ ಬ್ಯಾಬ್‌ಕಾಕ್ ಅವರನ್ನು ಕರೆತಂದಿತು. 8 ವರ್ಷಕ್ಕೆ 5 ಕೋಟಿ ಡಾಲರ್. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಹುಡುಗರಿಗೆ ಶಿಸ್ತು ಬೇಕು. 2019ರ ನವೆಂಬರಿನಲ್ಲಿ ಅವರನ್ನು ತೆಗೆದಾಗ, ಶಿಸ್ತು ಜಾಸ್ತಿಯಾಗಿತ್ತು, ಹುಡುಗರಿಗೆ ಉಸಿರು ಕಟ್ಟುತ್ತಿತ್ತು ಎಂದರು. ಕೀಫ್ ಬಂದರು. ಹುಡುಗರ ಮನಸ್ಸು ಅರ್ಥ ಮಾಡಿಕೊಳ್ಳುವವರು ಅಂತ ಹೊಗಳಿದರು. 2024ರಲ್ಲಿ ಅವರೂ ಹೋದರು. ಹುಡುಗರ ಮನಸ್ಸು ಜಾಸ್ತಿ ಅರ್ಥ ಮಾಡಿಕೊಂಡರಂತೆ. ಮೇ 17ಕ್ಕೆ ಕ್ರೇಗ್ ಬೆರೂಬಿ ಹೆಸರು ಬಂತು. ಯಾಕೆ ಅಂದ್ರೆ, ಮತ್ತೇನು, ಹುಡುಗರಿಗೆ ಶಿಸ್ತು ಬೇಕು.

ಯಜಮಾನರು ಸುಣ್ಣದ ಡಬ್ಬಿ ಮುಚ್ಚಿ, ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ಮೂವರಿಗೂ ಅಡಿಕೆ ಮಂಡಿಯ ದರ್ಜೆ ಕೊಟ್ಟೇಬಿಟ್ಟರು, ಕೆಳಗಿನ ಗೊರಬಲಿನಿಂದ ಮೇಲಿನ ಸರಕಿನವರೆಗೆ. "ಬ್ಯಾಬ್‌ಕಾಕ್ ಗೊರಬಲು. ಕೀಫ್ ರಾಶಿ, ಆದ್ರೆ ಬಣ್ಣ ಬಂದಿಲ್ಲ. ಬೆರೂಬಿ ಇದ್ದಾನಲ್ಲ, ಅವ ಸರಕು."

ಬೆರೂಬಿ ಸರಕು ಆದದ್ದಕ್ಕೆ ಎರಡು ಕಾರಣ. ಆಟಗಾರರಾಗಿದ್ದಾಗ ಅವರು ಆ ಶಿಕ್ಷೆಯ ಪೆಟ್ಟಿಗೆಗೆ 3,000ಕ್ಕೂ ಹೆಚ್ಚು ನಿಮಿಷದ ಬಾಕಿ ತೀರಿಸಿದವರು. ಜಗಳ ಗೊತ್ತಿದ್ದವನಿಗೆ ಮಾತ್ರ ಶಿಸ್ತು ಗೊತ್ತಿರುತ್ತದೆ ಅನ್ನೋದು ಯಜಮಾನರ ವಾದ. ಎರಡನೆಯದು ಸೇಂಟ್ ಲೂಯಿಸ್ ಕಥೆ. 2018ರ ನವೆಂಬರಿನಲ್ಲಿ ಆ ತಂಡ ಇದ್ದ ಕೋಚನ್ನು ತೆಗೆದು ಬೆರೂಬಿಯವರನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. 2019ರ ಜನವರಿ ಶುರುವಿನಲ್ಲಿ ಇಡೀ ಲೀಗಿಗೆ ಕೊನೆಯ ಸ್ಥಾನ. ಅದೇ ಜೂನ್‌ನಲ್ಲಿ ಸ್ಟ್ಯಾನ್ಲಿ ಕಪ್. ಅವತ್ತಿನಿಂದ ಲೀಗಿನ ಪ್ರತಿ ತಂಡದ ಅಭಿಮಾನಿಗೂ ನವೆಂಬರ್ ಬಂದರೆ ಕೈ ಕಡಿತ. ಕೋಚನ್ನು ತೆಗೆದರೆ ಕಪ್ ಬರುತ್ತದೆ. ಬರಲಿಲ್ಲವಾ, ಇನ್ನೊಬ್ಬನನ್ನು ತೆಗಿ.

ಆ ಕಪ್ ತಂದುಕೊಟ್ಟ ಬೆರೂಬಿಯವರನ್ನು ಅದೇ ಸೇಂಟ್ ಲೂಯಿಸ್ 2023ರ ಡಿಸೆಂಬರಿನಲ್ಲಿ ತೆಗೆದುಹಾಕಿತು ಅನ್ನೋದನ್ನು ಹೋಟೆಲಿನಲ್ಲಿ ಯಾರೂ ಎತ್ತಲಿಲ್ಲ. ಶುಭಕಾರ್ಯದಲ್ಲಿ ಅಂಥ ಮಾತು ಆಡಬಾರದು.

ಸ್ವಾಗತಕ್ಕೆ ಫ್ಲೆಕ್ಸ್ ಹಾಕಿಸುವುದು ಅಂತ ತೀರ್ಮಾನ ಆಯಿತು. ಅಂಗಡಿಯವನ ಕಂಪ್ಯೂಟರಿನಲ್ಲಿ ನಾನೂ ಅದನ್ನು ನೋಡಿದ್ದೇನೆ. ನಡುವೆ ಬೆರೂಬಿ. ಸುತ್ತಲೂ ಬಳೆಯ ಹಾಗೆ ದುಂಡು ದುಂಡು ಫೋಟೋಗಳು, ಒಬ್ಬೊಬ್ಬರದ್ದೂ ಕೈ ಮುಗಿದ ಭಂಗಿ. ಯಜಮಾನರ ಫೋಟೋ ಕೋಚ್ ಫೋಟೋಗಿಂತ ಒಂದು ಅಂಗುಲ ದೊಡ್ಡದು. ಕೆಳಗೆ "ಹಾರ್ದಿಕ ಸ್ವಾಗತ ಕೋರುವವರು". ಬೆರೂಬಿಯವರ ತಲೆಗೆ ಮೈಸೂರು ಪೇಟ ತೊಡಿಸಲಾಗಿತ್ತು. ಅದು ಆ ಅಂಗಡಿಯವನ ವಾಡಿಕೆ, ಯಾರೇ ಬಂದರೂ ತೊಡಿಸುತ್ತಾನೆ. ಆದರೆ ಚುನಾವಣಾ ನೀತಿ ಸಂಹಿತೆ ಇನ್ನೂ ಜಾರಿಯಲ್ಲಿತ್ತು. ಟೊರೊಂಟೊದ ಕೋಚ್‌ಗೆ ಅದು ಅನ್ವಯಿಸುತ್ತದೋ ಇಲ್ಲವೋ ಅಂತ ಒಂದು ಇಡೀ ಸಂಜೆ ಚರ್ಚೆ ನಡೆಯಿತು. ಬೆರೂಬಿ ಯಾವ ಪಕ್ಷ ಅಂತ ಪೊಲೀಸರು ಕೇಳಿದರೆ ಏನು ಹೇಳುವುದು? ಕೊನೆಗೆ ಎಣಿಕೆ ಮುಗಿಯುವವರೆಗೆ ಕಾಯುವುದು ಅಂತಾಯಿತು. ಎಣಿಕೆ ಮುಗಿದ ಮೇಲೆ ಅಂಗಡಿಯವನಿಗೆ ಗೆದ್ದವರ ಫ್ಲೆಕ್ಸ್ ಹೊಡೆಯಲೇ ಪುರುಸೊತ್ತಿಲ್ಲ. ಅಷ್ಟರಲ್ಲಿ ಮಳೆಯೂ ಹಿಡಿಯಿತು.

ನಮ್ಮ ಕೂಟದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಹುಲ್ಲಿನ ಮೇಲೆ, ಆಮೇಲೆ ನೀಲಿ ಹಾಸಿನ ಮೇಲೆ ಆಡುವ ನಮ್ಮ ಹಾಕಿಯೇ ಅವರಿಗೆ ಹಾಕಿ. ಅವರಿಗೆ ಈ ಟೊರೊಂಟೊ ಗಲಾಟೆ ಏನೂ ಹೊಸದಾಗಿ ಕಾಣಲಿಲ್ಲ. "ನೀವು ಸೋತವನನ್ನು ತೆಗೆದ್ರಿ. ನಮ್ಮಲ್ಲಿ ಗೆದ್ದವನೂ ನಿಲ್ಲಲ್ಲ" ಎಂದರು. ಸುಳ್ಳಲ್ಲ. 2014ರ ಅಕ್ಟೋಬರಿನಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲಿನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಚಿನ್ನ ತಂದುಕೊಟ್ಟ ಕೋಚ್ ಟೆರ್ರಿ ವಾಲ್ಶ್ ನವೆಂಬರ್ ಮುಗಿಯುವ ಹೊತ್ತಿಗೆ ಕೆಲಸದಲ್ಲಿರಲಿಲ್ಲ. ಅವರ ನಂತರ ಬಂದ ಪಾಲ್ ವ್ಯಾನ್ ಆಸ್ 2015ರ ಜುಲೈ ದಾಟಲಿಲ್ಲ. 2018ರಲ್ಲಿ ಇನ್ನೂ ಚೆಂದ. ಗಂಡಸರ ತಂಡದ ಕೋಚ್ ಶೋರ್ಡ್ ಮರೀನ್ ಹೆಂಗಸರ ತಂಡಕ್ಕೆ, ಹೆಂಗಸರ ತಂಡದ ಹರೇಂದ್ರ ಸಿಂಗ್ ಗಂಡಸರ ತಂಡಕ್ಕೆ. ತಹಶೀಲ್ದಾರರ ವರ್ಗಾವಣೆ ಆದೇಶದ ಹಾಗೆ ಅದಲು ಬದಲು. ಮರುವರ್ಷ ಜನವರಿಗೆ ಹರೇಂದ್ರ ಸಿಂಗ್ ಅವರೂ ಇಲ್ಲ. ಟೋಕಿಯೋದಲ್ಲಿ 41 ವರ್ಷದ ಮೇಲೆ ಪದಕ ತಂದ ಗ್ರಹಾಂ ರೀಡ್ ಅವರ ತಂಡ 2023ರ ಜನವರಿಯಲ್ಲಿ ನಮ್ಮ ನೆಲದಲ್ಲೇ ನಡೆದ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಲಿಲ್ಲ. ಅವರೂ ರಾಜೀನಾಮೆ ಕೊಟ್ಟರು.

"ಟೋಕಿಯೋ ಪಂದ್ಯ ನೋಡಿದ್ರಾ ಮೇಷ್ಟ್ರೇ?" ಅಂತ ಯಾರೋ ಕೇಳಿದರು.

"ಕೊನೇ ಹತ್ತು ನಿಮಿಷ ನೋಡ್ದೆ. ಆಮೇಲೆ ಕರೆಂಟ್ ಹೋಯ್ತು."

ಹತ್ತು ನಿಮಿಷ ಧಾರಾಳ ಸಾಕು. ಕೋಚನ್ನು ಅಳೆಯಲು ಆಟ ನೋಡಬೇಕು ಅನ್ನೋ ಕಾಯಿದೆ ಎಲ್ಲೂ ಇಲ್ಲ. ಸ್ಕೋರು ಗೊತ್ತಿರಬೇಕು, ಅವನ ಮುಖ ಟಿವಿಯಲ್ಲಿ ಒಮ್ಮೆ ಕಂಡಿರಬೇಕು. ಸೋತಾಗ ಸುಮ್ಮನಿದ್ದರೆ ಅವನಿಗೆ ಕಾಳಜಿ ಇಲ್ಲ. ಕೂಗಾಡಿದರೆ ತಲೆ ಕೆಟ್ಟಿದೆ. ಚೂಯಿಂಗ್ ಗಮ್ ಅಗಿಯುತ್ತಿದ್ದರೆ ಸೊಕ್ಕು. ಬಾಯಲ್ಲಿ ಸದಾ ಎಲೆಯಡಿಕೆ ಇಟ್ಟುಕೊಂಡಿರುವ ಯಜಮಾನರೇ ಈ ಕೊನೆಯ ದೂರು ಹೇಳಿದ್ದು.

ಮಜಾ ಅಂದ್ರೆ ತೆಗೆದುಹಾಕಿದ ಕೋಚ್‌ಗಳು ಬೀದಿಗೆ ಬೀಳುವುದಿಲ್ಲ. ಕೀಫ್ ಅವರಿಗೆ ಎರಡು ವಾರದಲ್ಲಿ ನ್ಯೂಜೆರ್ಸಿ ತಂಡದ ಕೆಲಸ ಸಿಕ್ಕಿತು. ಬಾಸ್ಟನ್ನಿನ ಜಿಮ್ ಮಾಂಟ್ಗೊಮೆರಿ ಅವರದ್ದು ಇನ್ನೂ ಸ್ವಾರಸ್ಯ. 2022-23ರಲ್ಲಿ ಅವರ ತಂಡ 82 ಪಂದ್ಯದಲ್ಲಿ 65 ಗೆದ್ದು ಲೀಗಿನ ದಾಖಲೆ ಮಾಡಿತು. ವರ್ಷದ ಅತ್ಯುತ್ತಮ ಕೋಚ್ ಪ್ರಶಸ್ತಿಯೂ ಬಂತು. 2024ರ ನವೆಂಬರ್ 19ಕ್ಕೆ ಕೆಲಸ ಹೋಯಿತು. 24ಕ್ಕೆ ಸೇಂಟ್ ಲೂಯಿಸ್ ಇದ್ದವರನ್ನು ತೆಗೆದು ಇವರನ್ನು ಕೂರಿಸಿತು. ಇಲ್ಲಿ ಆಗದವನು ಅಲ್ಲಿಗೆ ದೇವರು, ಅಲ್ಲಿ ಉಗಿಸಿಕೊಂಡವನು ಇಲ್ಲಿಗೆ ದೇವರು. ಒಂದು ಪಕ್ಷದಲ್ಲಿ ಟಿಕೆಟ್ ಸಿಗದವರಿಗೆ ಇನ್ನೊಂದು ಪಕ್ಷದ ಕಚೇರಿಯಲ್ಲಿ ಸಂಜೆಯೊಳಗೆ ಹಾರ ಬೀಳುವುದನ್ನು ನೋಡಿದ ನಮಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ.

ಬೆರೂಬಿಯವರ ಮೊದಲ ವರ್ಷ ಚೆನ್ನಾಗಿಯೇ ಹೋಯಿತು. ತಂಡ ತನ್ನ ವಿಭಾಗದಲ್ಲಿ ಮೊದಲ ಸ್ಥಾನ. ಒಟ್ಟಾವಾ ವಿರುದ್ಧದ ಸರಣಿ ಗೆದ್ದಾಗ ಯಜಮಾನರು ಎಲ್ಲರಿಗೂ ಪಡ್ಡು ಕೊಡಿಸಿದರು. ಶಿಸ್ತು ಅಂದ್ರೆ ಇದಪ್ಪ ಎಂದರು. ಆಮೇಲೆ ಫ್ಲೋರಿಡಾ. ಮತ್ತೆ 7ನೇ ಪಂದ್ಯ, ಅದೂ ತಮ್ಮ ಊರಿನಲ್ಲೇ. 2025ರ ಮೇ 18, ನಮಗೆ ಸೋಮವಾರದ ನಸುಕು. 6-1ರಿಂದ ಸೋತರು. ಆ ಸರಣಿಯಲ್ಲಿ ಟೊರೊಂಟೊ ಅಭಿಮಾನಿಗಳು ಸಿಟ್ಟಿಗೆ ತಮ್ಮ ಜೆರ್ಸಿ ಬಿಚ್ಚಿ ಐಸ್ ಮೇಲೆ ಎಸೆದದ್ದೂ ಆಗಿತ್ತು. ಯಜಮಾನರಿಗೂ ತಡೆಯಲಾಗಲಿಲ್ಲ. ಐಸ್ ಇಲ್ಲದ್ದರಿಂದ ಜೆರ್ಸಿಯನ್ನು ಅಂಗಳಕ್ಕೆ ಎಸೆದರು. ಅವರ ಮನೆಯವರು ಅದನ್ನು ಎತ್ತಿ, ತೊಳೆದು, ಒಣಗಿಸಿ, ಮಡಿಸಿ ಬೀರುವಿನಲ್ಲಿ ಇಟ್ಟರು. ಅಕ್ಟೋಬರಿನಲ್ಲಿ ಮತ್ತೆ ಸೀಸನ್ ಶುರು ಅನ್ನೋದು ಆ ಮನೆಯಲ್ಲಿ ನೆನಪಿರುವುದು ಅವರೊಬ್ಬರಿಗೇ.

ಹೋಟೆಲಿನಲ್ಲಿ ಆ ಬೆಳಗ್ಗೆ ಸಭೆ ಬೇಗ ಸೇರಿತು. ಬೆರೂಬಿ ಜಾಸ್ತಿ ಬಿಗಿ ಅನ್ನೋದು ಇಡ್ಲಿ ಬರುವ ಹೊತ್ತಿಗೆ ತೀರ್ಮಾನವಾಗಿತ್ತು. ಹುಡುಗರಿಗೆ ಉಸಿರು ಕಟ್ಟುತ್ತಿದೆ. ಅವರ ಮನಸ್ಸು ಅರ್ಥ ಮಾಡಿಕೊಳ್ಳುವವರು ಯಾರಾದರೂ ಬೇಕು.

"ಅಂಥವ ಯಾರಿದ್ದಾನೆ ಈಗ?" ಎಂದರು ಮೇಷ್ಟ್ರು.

ಯಜಮಾನರು ಚಟ್ನಿ ಬಟ್ಟಲು ಪಕ್ಕಕ್ಕೆ ಸರಿಸಿ ಮುಂದೆ ಬಾಗಿದರು. "ಹೌದು, ನ್ಯೂಜೆರ್ಸಿಯಲ್ಲಿ ಒಬ್ಬ ಕೀಫ್ ಅಂತ ಇದ್ದಾನಲ್ಲ. ಒಳ್ಳೆ ಹುಡುಗ ಅಂತ ಅಳಿಯ ಹೇಳ್ತಿದ್ದ. ಅವನನ್ನ ಕರೆಸಿದ್ರೆ ಹ್ಯಾಗೆ?"