ಬರೀ ಸಲಾಡ್ ಸಾಲುವುದಿಲ್ಲ

ಆಫೀಸ್ ಡಬ್ಬಿಗೆ ಸಲಾಡ್ ಒಂದೇ ಸಾಕು ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಮುಂಬೈ ಹೊರವಲಯದ ಡೊಂಬಿವಲಿಯಿಂದ ಬೆಳಗಿನ ಲೋಕಲ್ ರೈಲು ಹಿಡಿದು ಮುಂಬೈನ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆ ಕೆಲಸಕ್ಕೆ ಹೋಗುವವರಿಗೆ ಅದು ಸಂಜೆವರೆಗೆ ತಡೆಯುವುದಿಲ್ಲ. ಆಮೇಲೆ ವಡಾಪಾವ್ ಗಾಡಿಯೇ ಗತಿ, ಅಲ್ವಾ?

ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ. 100 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ, ನಾರೂ ಜಾಸ್ತಿ. ಬೇಗ ಹಸಿವಾಗುವುದಿಲ್ಲ. ಹಿಂದಿನ ದಿನ ಬೆಳಿಗ್ಗೆ ನೆನೆಸಿ, ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ತಯಾರು. ಬೆಳಿಗ್ಗೆ ಒಗ್ಗರಣೆ ಹಾಕಿ ಸ್ವಲ್ಪ ಬೇಯಿಸಿದರೆ ಆಯಿತು. ಮುಂಬೈ ಮಳೆಗಾಲದ ಸೆಕೆಗೆ ಪಲ್ಯದಲ್ಲಿ ಹಸಿ ತೆಂಗಿನಕಾಯಿ ಮಾತ್ರ ಬೇಡ, ಮಧ್ಯಾಹ್ನಕ್ಕೆ ಹಳಸಿಬಿಡುತ್ತದೆ. ಶೇಂಗಾ ಪುಡಿ ಉದುರಿಸಿ, ರುಚಿಯೂ ಚೆನ್ನ.